ವೈರ್ ಸ್ಟ್ರೈಕ್: ಗೊತ್ತಿದ್ದ ತಂತಿಗೇ ವಿಮಾನ ಬಡಿಯುವುದೇಕೆ?

ಹಾರುವ ವಿಮಾನವೋ ಹೆಲಿಕಾಪ್ಟರೋ ಕರೆಂಟ್ ತಂತಿಗೆ ಬಡಿದರೆ ಅದನ್ನು ‘ವೈರ್ ಸ್ಟ್ರೈಕ್’ ಎನ್ನುತ್ತಾರೆ. ಮೋಡದ ಮೇಲೆ ಹಾರುವವರಿಗೆ ಇದರ ಚಿಂತೆ ಇಲ್ಲ. ಬೆಳೆಗೆ ಔಷಧಿ ಹೊಡೆಯುವ ಪೈಲಟ್‌ಗಳಿಗೆ ಮಾತ್ರ ಇದು ದಿನವೂ ಎದುರಿಗಿರುವ ಅಪಾಯ.

ಔಷಧಿ ಗಾಳಿಗೆ ತೇಲಿ ಪಕ್ಕದ ಹೊಲಕ್ಕೆ ಹೋಗಬಾರದು, ಎಲೆಯ ಮೇಲೇ ಬೀಳಬೇಕು. ಹಾಗಾಗಿ ವಿಮಾನ ಬೆಳೆಯಿಂದ ಬರೀ ಮೂರು ನಾಲ್ಕು ಮೀಟರ್ ಮೇಲೆ ಹಾರುತ್ತದೆ. ವೇಗ ಗಂಟೆಗೆ 200 ಕಿಲೋಮೀಟರ್ ಆಸುಪಾಸು, ಅಂದರೆ ಸೆಕೆಂಡಿಗೆ 55 ಮೀಟರ್. ಹೊಲದ ಬದುವಿನಲ್ಲಿರುವ ಕರೆಂಟ್ ಕಂಬ ನೆನಪಿಸಿಕೊಳ್ಳಿ. ಎಷ್ಟೋ ಸಲ ವಿಮಾನ ಆ ತಂತಿಗಿಂತ ಕೆಳಗೇ ಇರುತ್ತದೆ! ಹೊಲದ ಕೊನೆಗೆ ಬಂದಾಗ ಸರ್ರನೆ ಮೇಲೆದ್ದು, ತಿರುಗಿ, ಮತ್ತೆ ಇಳಿಯಬೇಕು.

ತಂತಿ ಕಣ್ಣಿಗೆ ಕಾಣುವುದಿಲ್ವಾ? ಆ ವೇಗದಲ್ಲಿ ಬಹಳ ಕಷ್ಟ. ಹಳೆಯ ತಂತಿ ಮಂಕಾಗಿ ಹಿಂದಿನ ಮರ, ಮಣ್ಣಿನ ಬಣ್ಣದಲ್ಲಿ ಕರಗಿಹೋಗಿರುತ್ತದೆ. ಅದಕ್ಕೇ ಅನುಭವಿ ಪೈಲಟ್‌ಗಳು ತಂತಿಗಿಂತ ಮೊದಲು ಕಂಬ ಹುಡುಕುತ್ತಾರೆ. ಅದರ ಮೇಲೆ ತಂತಿ ಹಿಡಿದಿಡುವ ಇನ್ಸುಲೇಟರ್ ನೋಡಿ ತಂತಿ ಯಾವ ಕಡೆ ಹೋಗಿದೆ ಎಂದು ಊಹಿಸುತ್ತಾರೆ. ಕಂಬವೇ ಕಾಣದಿದ್ದರೆ? ಅಮೆರಿಕದಲ್ಲಿ ಗಾಳಿಯ ವೇಗ ಅಳೆಯಲು ನಿಲ್ಲಿಸುವ ತೆಳ್ಳನೆಯ ಗೋಪುರಗಳು 200 ಅಡಿಗಿಂತ ಕೊಂಚ ಕಡಿಮೆ ಇದ್ದರೆ ದೀಪವೂ ಬೇಡ, ಬಣ್ಣವೂ ಬೇಡ ಎಂಬ ಸ್ಥಿತಿ ಇತ್ತು. 2011ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅಂಥದ್ದೊಂದಕ್ಕೆ ಬಡಿದು ಕೃಷಿ ವಿಮಾನದ ಪೈಲಟ್ ಸತ್ತರು. ಅವುಗಳನ್ನು ಗುರುತಿಸಬೇಕೆಂಬ ಕಾನೂನು ಬಂದಿದ್ದು 2016ರಲ್ಲಿ. ಇಷ್ಟು ತಡವಾಗಬಾರದಿತ್ತು.

ಆದರೆ ನನ್ನನ್ನು ಜಾಸ್ತಿ ಕಾಡುವುದು ಆಸ್ಟ್ರೇಲಿಯಾದ ಲೆಕ್ಕ. 2001ರಿಂದ 2010ರವರೆಗೆ ಅಲ್ಲಿ 180 ವೈರ್ ಸ್ಟ್ರೈಕ್ ಅಪಘಾತಗಳಾದವು. ಅದರಲ್ಲಿ 100 ಕೃಷಿ ವಿಮಾನಗಳವು. ತಂತಿಗೆ ಬಡಿದ ಪೈಲಟ್‌ಗಳಲ್ಲಿ ನೂರಕ್ಕೆ 63 ಮಂದಿಗೆ ಅಲ್ಲಿ ತಂತಿ ಇರುವುದು ಮೊದಲೇ ಗೊತ್ತಿತ್ತು ಎಂದು ಅಲ್ಲಿನ ಸಾರಿಗೆ ಸುರಕ್ಷತಾ ಸಂಸ್ಥೆ ಕಂಡುಕೊಂಡಿತು.

ಇದನ್ನು ಸುಮ್ನೆ ಅಜಾಗರೂಕತೆ ಎಂದು ತಳ್ಳಿಹಾಕಬೇಡಿ. ಹಳೆಯ ತೊಟ್ಟಿಮನೆಯ ತಗ್ಗು ಬಾಗಿಲಿಗೆ ಅಲ್ಲೇ ಹುಟ್ಟಿ ಬೆಳೆದವರೂ ತಲೆ ಬಡಿಸಿಕೊಳ್ಳುತ್ತಾರೆ, ಅಲ್ವಾ? ಪೈಲಟ್ ಒಂದೇ ಹೊತ್ತಿಗೆ ಗಾಳಿಯ ದಿಕ್ಕು, ಟ್ಯಾಂಕಿನಲ್ಲಿ ಉಳಿದ ಔಷಧಿ, ಜಿಪಿಎಸ್ ತೋರಿಸುವ ಗೆರೆ ಎಲ್ಲವನ್ನೂ ನೋಡುತ್ತಿರಬೇಕು. ಔಷಧಿ ಚಿಮ್ಮುವ ನಾಜಲ್ ಕಟ್ಟಿತೇನೋ ಎಂದು ರೆಕ್ಕೆಯ ಕಡೆ ಒಮ್ಮೆ ತಿರುಗಿದರೆ ಸಾಕು, ತಂತಿ ಮನಸ್ಸಿನಿಂದ ಜಾರಿಹೋಗುತ್ತದೆ. ‘ಕ್ಲೀನ್ ಅಪ್ ರನ್’ ಎಂಬ ಕೊನೆಯ ಸುತ್ತು ಇನ್ನೂ ಅಪಾಯ. ಅಂಚಿನಲ್ಲಿ ಉಳಿದ ಬೆಳೆಗೆ ಹೊಡೆಯಲು ಆಗ ದಿಕ್ಕು ಬದಲಿಸುತ್ತಾರೆ. ಅಷ್ಟು ಹೊತ್ತು ಪಕ್ಕದಲ್ಲಿದ್ದ ತಂತಿ ಈಗ ಎದುರಿಗೆ ಬಂದಿರುತ್ತದೆ.

ಕೃಷಿ ವಿಮಾನಗಳ ಮುಂಗಾಜಿನ ಮೇಲೆ ತಂತಿ ಕತ್ತರಿಸುವ ಅಲಗು ಇರುತ್ತದೆ. ಔಷಧಿ ಟ್ಯಾಂಕನ್ನು ಪೈಲಟ್‌ನ ಮುಂದೆ ಇಟ್ಟಿರುತ್ತಾರೆ, ಬಿದ್ದಾಗ ಆ ಭಾರ ಹಿಂದಿನಿಂದ ನುಗ್ಗಿ ಅವರನ್ನು ಜಜ್ಜದಿರಲಿ ಎಂದು. ಇವೆಲ್ಲ ಬಡಿದ ಮೇಲಿನ ಮಾತು. ಬಡಿಯದಿರಲು ಕೆಲಸಕ್ಕೆ ಮುಂಚೆ ಎತ್ತರದಿಂದ ಹೊಲ ಸುತ್ತಿ ನೋಡುತ್ತಾರೆ. ಕೊನೆಯ ಸುತ್ತಿಗೆ ಮುನ್ನವೂ ಹಾಗೇ ಮೇಲೇರಿ, ತಂತಿ ಎಲ್ಲಿದೆ ಎಂದು ಮತ್ತೊಮ್ಮೆ ನೋಡಿಕೊಂಡು ಇಳಿಯಬೇಕು.