ಕೊಬ್ಬು, ಲೆಪ್ಟಿನ್, ಮುಟ್ಟು: ಎಂಡೋಕ್ರೈನ್ ಚಾಪ್ಟರ್ ನೋಟ್ಸ್

ಪುಸ್ತಕ ಇಂಗ್ಲಿಷು, ಕ್ಲಾಸು ಅರ್ಧ ಮಲಯಾಳ, ಕಾಸರಗೋಡಲ್ಲಿ ಕನ್ನಡ ಮೀಡಿಯಂ ಮುಗಿಸಿ ನರ್ಸಿಂಗ್ ಸೇರಿದವ್ರ ಕಥೆ ಗೊತ್ತುಂಟಲ್ಲ, ಹಾಗಾಗಿ ಇದನ್ನ ನಮ್ಮ ಮಾತಲ್ಲೇ ಬರೀತಿದ್ದೇನೆ.

ಕೊಬ್ಬು ಅಂದ್ರೆ ಬರೀ ಸ್ಟಾಕ್ ಅಲ್ಲ, ಅದೂ ಹಾರ್ಮೋನ್ ಬಿಡ್ತದೆ. ಮುಖ್ಯವಾದ್ದು ಲೆಪ್ಟಿನ್, 1994ರಲ್ಲಿ ಸಿಕ್ಕಿದ್ದು. ಮೈಯಲ್ಲಿ ಕೊಬ್ಬು ಎಷ್ಟುಂಟು ಅಂತ ಹೈಪೋಥಲಾಮಸ್‌ಗೆ (ಮೆದುಳಲ್ಲಿ ಹಾರ್ಮೋನ್ ನಡೆಸುವ ಭಾಗ) ಹೇಳುದು ಇದು. ಆದ್ರೆ ಅಲ್ಲಿ ಜಿಎನ್‌ಆರ್‌ಎಚ್ (ಮುಟ್ಟಿನ ಹಾರ್ಮೋನ್ ಸರಪಳಿ ಶುರು ಮಾಡುವ ಹಾರ್ಮೋನ್) ಬಿಡುವ ನರಕೋಶಗಳಿಗೆ ಲೆಪ್ಟಿನ್ ರಿಸೆಪ್ಟರೇ ಇಲ್ಲ ಮಾರಾಯ್ರೆ, ಕಿಸ್‌ಪೆಪ್ಟಿನ್ ಎಂಬ ಸಂಕೇತ ಬಿಡುವಂಥ ಬೇರೆ ನರಕೋಶಗಳು ನಡುವೆ ನಿಂತು ದಾಟಿಸ್ಬೇಕು. ಲೆಪ್ಟಿನ್ ಜೀನ್ ಕೆಟ್ಟ ಇಲಿ ಎಷ್ಟು ದಪ್ಪ ಇದ್ರೂ ಮರಿ ಹಾಕುದಿಲ್ಲ, ಯಾಕೆಂದ್ರೆ ಅದರ ಮೆದುಳಿಗೆ ಇದು ಉಪವಾಸವೇ. ಲೆಪ್ಟಿನ್ ಕೊಟ್ರೆ ಅದು ಗರ್ಭ ಧರಿಸ್ತದೆ.

ಈಗ ಮನುಷ್ಯರಿಗೆ ಬನ್ನಿ. ಬೆಳಿಗ್ಗೆ ಸಾಯಂಕಾಲ ಗ್ರೌಂಡಲ್ಲಿ ಓಡಿ ಒಂದು ಹೊತ್ತು ಗಂಜಿ ಮಾತ್ರ ಉಣ್ಣುವ ಹುಡುಗಿಗೆ ಲೆಪ್ಟಿನ್ ಇಳೀತದೆ, ಜಿಎನ್‌ಆರ್‌ಎಚ್ ಹೇಳಿದಾಗ ಪಿಟ್ಯುಟರಿ ಗ್ರಂಥಿ ಬಿಡುವ ಎಲ್‌ಎಚ್ (ಅಂಡ ಬಿಡುಗಡೆ ಮಾಡಿಸುವ ಹಾರ್ಮೋನ್) ಮಿಡಿತ ಕಮ್ಮಿ ಆಗ್ತದೆ, ಮುಟ್ಟು ನಿಲ್ತದೆ. ರೋಸ್ ಫ್ರಿಷ್ ಎಂಬ ಅಮೆರಿಕದ ವಿಜ್ಞಾನಿ 1970ರ ದಶಕದಲ್ಲಿ ಮೊದಲ ಮುಟ್ಟಿಗೆ ಸುಮಾರು 17%, ಅದು ಸರಿಯಾಗಿ ಬರ್ತಾ ಇರ್ಲಿಕ್ಕೆ 22% ಕೊಬ್ಬು ಬೇಕು ಅಂದಿದ್ರು. ಪರೀಕ್ಷೆಗೆ ಬರೀರಿ, ಆದ್ರೆ ಅದನ್ನೇ ಗೆರೆ ಎಳೆದ ಹಾಗೆ ನಂಬ್ಬೇಡಿ, ತಿಂದದ್ದಕ್ಕೂ ಖರ್ಚಾದದ್ದಕ್ಕೂ ಇರುವ ಅಂತರವೇ ಹೆಚ್ಚು ಮುಖ್ಯ.

ಕೊಬ್ಬು ಜಾಸ್ತಿ ಆದ್ರೆ ದಾರಿಯೇ ಬೇರೆ, ತುಂಬ ಜನ ಎಡವುದು ಇಲ್ಲೇ. ಲೆಪ್ಟಿನ್ ಧಾರಾಳ ಉಂಟು, ಮೆದುಳು ಕೇಳುದಿಲ್ಲ ಅಷ್ಟೆ. ನಿಜವಾದ ಕಿತಾಪತಿ ಇನ್ಸುಲಿನ್‌ದು. ಮೈ ಇನ್ಸುಲಿನ್ ಮಾತನ್ನೂ ಸರಿ ಕೇಳುದಿಲ್ಲ (ಇದೇ ಇನ್ಸುಲಿನ್ ರೆಸಿಸ್ಟೆನ್ಸ್), ಹಾಗಾಗಿ ಅದು ಏರ್ತಾ ಹೋಗ್ತದೆ. ಅದು ಏರಿದ್ರೆ ಲಿವರ್ ಎಸ್‌ಎಚ್‌ಬಿಜಿ (ರಕ್ತದಲ್ಲಿ ಲೈಂಗಿಕ ಹಾರ್ಮೋನ್ ಹಿಡಿದಿಡುವ ಪ್ರೋಟೀನ್) ಕಮ್ಮಿ ಮಾಡ್ತದೆ, ಫ್ರೀ ಟೆಸ್ಟೋಸ್ಟೆರಾನ್ ಏರ್ತದೆ, ಅಂಡಾಶಯವೂ ಆಂಡ್ರೊಜನ್ (ಟೆಸ್ಟೋಸ್ಟೆರಾನ್‌ನಂಥ ಗಂಡು ಹಾರ್ಮೋನ್) ಜಾಸ್ತಿ ಮಾಡ್ತದೆ, ಫಾಲಿಕಲ್ (ಅಂಡ ಬೆಳೆಯುವ ಚೀಲ) ಅರ್ಧದಲ್ಲೇ ನಿಲ್ತದೆ. ಜೊತೆಗೆ ಕೊಬ್ಬಿನೊಳಗಿನ ಅರೊಮಟೇಸ್ ಎಂಬ ಎಂಜೈಮ್ ಆಂಡ್ರೊಜನ್‌ನ ಈಸ್ಟ್ರೋನ್ (ಒಂದು ಬಗೆಯ ಈಸ್ಟ್ರೋಜನ್, ಗರ್ಭಕೋಶದ ಒಳಪದರ ಬೆಳೆಸುವಂಥದ್ದು) ಮಾಡ್ತಾ ಇರ್ತದೆ. ಅಂಡ ಬಿಡುಗಡೆ ಆಗದಿದ್ರೆ ಆ ಬೆಳವಣಿಗೆಗೆ ತಡೆ ಹಾಕುವ ಪ್ರೊಜೆಸ್ಟೆರಾನ್ ಇಲ್ಲ, ಗರ್ಭಕೋಶದ ಒಳಪದರ ದಪ್ಪ ಆಗ್ತಾ ಹೋಗ್ತದೆ, ಆಮೇಲೆ ತಿಂಗಳುಗಟ್ಟಲೆ ಬಾರದ ಮುಟ್ಟು ಒಮ್ಮೆಲೇ ವಿಪರೀತ ಹೋಗ್ತದೆ.

ಓಪಿಯಲ್ಲಿ (ಹೊರರೋಗಿ ವಿಭಾಗ) ಬಂದವ್ರ ಕುತ್ತಿಗೆ ಹಿಂದೆ ನೋಡಿ. ಕಪ್ಪಾಗಿ, ವೆಲ್ವೆಟ್ ಹಾಗೆ ದಪ್ಪ ಚರ್ಮ ಇದ್ರೆ ಅದು ಕೊಳೆ ಅಲ್ಲ, ಕೆಲವ್ರು ಕಡ್ಲೆಹಿಟ್ಟು ಹಾಕಿ ಉಜ್ಜಿ ಉಜ್ಜಿ ಸಿಪ್ಪೆ ಎದ್ದಿರ್ತದೆ ಪಾಪ, ಅದು ಹೆಚ್ಚಾಗಿ ಇನ್ಸುಲಿನ್ ರೆಸಿಸ್ಟೆನ್ಸ್‌ನ ಗುರುತು. ಸೊಂಟಕ್ಕೆ ಟೇಪ್ ಹಾಕಿ, ನಮ್ಮ ಹೆಂಗಸ್ರಿಗೆ 80 ಸೆಂ.ಮೀ. ದಾಟಿದ್ರೆ ಜಾಸ್ತಿ. ಪಿಸಿಓಎಸ್ (ಆಂಡ್ರೊಜನ್ ಜಾಸ್ತಿ ಆಗಿ ಅಂಡ ಬಿಡುಗಡೆ ತಪ್ಪುವ ತೊಂದರೆ) ಇದ್ದು ತೂಕ ಹೆಚ್ಚಿರುವವ್ರು 5ರಿಂದ 10% ಇಳಿಸಿದ್ರೂ ಎಷ್ಟೋ ಜನಕ್ಕೆ ಅಂಡೋತ್ಪತ್ತಿ ವಾಪಸ್ ಬರ್ತದೆ. ಸಪೂರ ಇದ್ದವ್ರಿಗೂ ಪಿಸಿಓಎಸ್ ಬರ್ತದೆ, ದಪ್ಪ ಇದ್ದು ಆರಾಮಾಗಿ ಬಸುರಿ ಆದವ್ರೂ ಬೇಕಾದಷ್ಟು ಉಂಟು, ಆದ್ದರಿಂದ ಆಕಾರ ನೋಡಿ ತೀರ್ಪು ಕೊಡ್ಲಿಕ್ಕೆ ಹೋಗ್ಬೇಡಿ. ಡೇಟ್ ತಪ್ಪಿದ್ರೆ ಮೊದ್ಲು ಪ್ರೆಗ್ನೆನ್ಸಿ ಟೆಸ್ಟ್, ಆಮೇಲೆ ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಪ್ರೊಲ್ಯಾಕ್ಟಿನ್ (ಎದೆಹಾಲಿನ ಹಾರ್ಮೋನ್). ಮಕ್ಕಳಾಗ್ಲಿಲ್ಲ ಅಂತ ಬಂದದ್ದಾದ್ರೆ ಗಂಡನ ವೀರ್ಯ ಪರೀಕ್ಷೆಯನ್ನೂ ಅದೇ ಚೀಟಿಯಲ್ಲಿ ಬರೆಸಿ, ಅತ್ತೆ ಎಂತ ಹೇಳಿದ್ರೂ.