ಪದ ಪರಿಚಯ: ಮೌಲ್ಯ, ಕಿಮ್ಮತ್ತು, ಭಿಡೆ

ಶಾಲೆಯ ಗೋಡೆ, ಸಹಕಾರಿ ಬ್ಯಾಂಕಿನ ಕ್ಯಾಲೆಂಡರು, ನಿವೃತ್ತಿ ಸಮಾರಂಭದ ಕರೆಯೋಲೆ, ಎಲ್ಲಿ ನೋಡಿದರೂ ‘ಮೌಲ್ಯಯುತ’. ಮೌಲ್ಯಯುತ ಶಿಕ್ಷಣ, ಮೌಲ್ಯಯುತ ಬದುಕು ಹಳೆಯದಾದವು. ಈಗ ‘ಮೌಲ್ಯಯುತ ನಿರ್ಧಾರ’ವೂ ಬಂದಿದೆ. ಬರೆದವರ ಮನಸ್ಸಿನಲ್ಲಿರುವುದು ‘ಒಳ್ಳೆಯ’ ಎಂಬ ಅರ್ಥ. ಹಾಗಿದ್ದರೆ ಒಳ್ಳೆಯ ನಿರ್ಧಾರ ಅಂತಲೇ ಬರೆಯಬಹುದಿತ್ತು. ಮೌಲ್ಯವಿಲ್ಲದ ನಿರ್ಧಾರ ಎಂಬುದೇ ಇಲ್ಲ. ಲಂಚ ಹೊಡೆಯುವವನ ನಿರ್ಧಾರದ ಹಿಂದೆಯೂ ಒಂದು ಮೌಲ್ಯವಿದೆ: ಮಾನಕ್ಕಿಂತ ರೊಕ್ಕ ಮೇಲು ಎಂಬುದು. ನಮಗದು ಸೇರುವುದಿಲ್ಲ, ಆ ಮಾತು ಬೇರೆ.

ಪದದ ಬುಡಕ್ಕೆ ಹೋದರೆ ಸಿಗುವುದು ಸಂತೆ. ಮೂಲ ಎಂದರೆ ಬೇರು. ವ್ಯಾಪಾರದಲ್ಲಿ ಮೂಲವೆಂದರೆ ಹಾಕಿದ ಬಂಡವಾಳ. ಅದರಿಂದ ಸಂಸ್ಕೃತದ ‘ಮೂಲ್ಯ’. ಪಾಣಿನಿಯ ಸೂತ್ರವೊಂದು (4.4.91) ಇದನ್ನು ಎರಡು ಅರ್ಥದಲ್ಲಿ ಸಾಧಿಸುತ್ತದೆ: ಬಂಡವಾಳದ ಮೇಲೆ ದಕ್ಕಿಸಿಕೊಳ್ಳಬೇಕಾದದ್ದು ಮತ್ತು ಬಂಡವಾಳಕ್ಕೆ ಸರಿಸಮನಾದದ್ದು. ವ್ಯಾಖ್ಯಾನಕಾರರು ಅಲ್ಲಿ ಕೊಡುವ ಉದಾಹರಣೆ ಬಟ್ಟೆಯದು, ಸದ್ಗುಣದ್ದಲ್ಲ. ಹಿಂದಿಯವರು ‘ಮೂಲ್ಯ’ವನ್ನೇ ಉಳಿಸಿಕೊಂಡರು. ಮರಾಠಿಯವರು ನೀತಿಗೆ ‘ಮೂಲ್ಯ’ ಎಂದು, ತುಟ್ಟಿ ವಸ್ತುವಿಗೆ ‘ಮೌಲ್ಯವಾನ’ ಎನ್ನುತ್ತಾರೆ. ನಾವು ಎಲ್ಲದಕ್ಕೂ ‘ಮೌಲ್ಯ’ ಹಿಡಿದು, ‘ಅಮೂಲ್ಯ’ದಂಥ ಒಂದೆರಡು ಪದಗಳಲ್ಲಿ ಹಳೆಯ ರೂಪ ಬಿಟ್ಟುಕೊಂಡೆವು. ಅಮೂಲ್ಯ ಎಂದರೆ ಬೆಲೆ ಕಟ್ಟಲಾಗದ್ದು. ‘ನಿಮ್ಮ ಅಮೂಲ್ಯ ಮತ’ ಎಂದು ಕೈಮುಗಿದು, ಅದೇ ರಾತ್ರಿ ಅದಕ್ಕೊಂದು ದರ ಕಟ್ಟುವವರು ವ್ಯಾಕರಣಕ್ಕೂ ಅನ್ಯಾಯ ಮಾಡುತ್ತಾರೆ. (ಇನ್ನೊಂದು ಕಿರಿಕಿರಿ: 1966ರ ಜೂನ್ 6ರಂದು ಡಾಲರಿಗೆ ₹4.76 ಇದ್ದದ್ದು ₹7.50 ಆಯಿತಲ್ಲ, ಅದು ಅಪಮೌಲ್ಯ. 2016ರ ನವೆಂಬರ್ 8ರಂದು ₹500, ₹1,000ರ ನೋಟುಗಳಿಗೆ ಆದದ್ದು ಅಮಾನ್ಯ. ಎರಡೂ ಒಂದಲ್ಲ.)

ನೀತಿಯ ಅರ್ಥ ಈ ಪದಕ್ಕೆ ಅಂಟಿದ್ದು ಇಂಗ್ಲಿಷಿನ ‘ವ್ಯಾಲ್ಯೂ’ ಮೂಲಕ. ಅದೂ ಮೊದಲು ಸಂತೆಯ ಪದವೇ. ನೀತಿಯ ಕಡೆ ಎಳೆದು ತಂದದ್ದು 19ನೆಯ ಶತಮಾನದ ಜರ್ಮನ್ ತತ್ವಶಾಸ್ತ್ರ. ನಮ್ಮ ಧಾರವಾಡ ಕಡೆಯ ‘ಕಿಮ್ಮತ್ತು’ ಇದೇ ದಾರಿಯನ್ನು ಯಾವ ಪಂಡಿತರ ಸಹಾಯವೂ ಇಲ್ಲದೆ ನಡೆದಿದೆ. ಅರಬ್ಬಿಯಲ್ಲಿ ಹುಟ್ಟಿದ ಪದ. ಎತ್ತಿಗೂ ಕಿಮ್ಮತ್ತು, ‘ಅಂವನ ಮಾತಿಗೆ ಕಿಮ್ಮತ್ತ ಐತಿ’ ಅನ್ನುವಾಗಲೂ ಅದೇ ಕಿಮ್ಮತ್ತು. ಇನ್ನು 12ನೆಯ ಶತಮಾನದ ವಚನಗಳಲ್ಲಿ ಈ ಕೆಲಸಕ್ಕೆ ‘ಛಲ’ ಎಂಬ ಪದ ಬರುತ್ತದೆ: ಪರಧನ ಒಲ್ಲೆ ಎನ್ನುವ ಛಲ. ನನ್ನ ಮಟ್ಟಿಗೆ ಮೌಲ್ಯಕ್ಕೆ ಇದಕ್ಕಿಂತ ಸರಿಯಾದ ವಿವರಣೆ ಬೇರೆ ಬೇಡ. ಏನನ್ನು ಮೆಚ್ಚುತ್ತೇವೆ ಅನ್ನುವುದರಲ್ಲಿ ಮೌಲ್ಯ ಕಾಣುವುದಿಲ್ಲ. ಕೈಗೆ ಬಂದದ್ದರಲ್ಲಿ ಯಾವುದಕ್ಕೆ ‘ಒಲ್ಲೆ’ ಅನ್ನುತ್ತೇವೆ, ಅಲ್ಲಿ ಕಾಣುತ್ತದೆ.

ಬ್ಯಾಡಗಿಯ ಮೆಣಸಿನಕಾಯಿ ತೆಗೆದುಕೊಳ್ಳಿ. ಚೆನ್ನಾಗಿ ಒಣಗಿದ ಕಾಯಿಯಲ್ಲಿ ತೇವ ಶೇಕಡಾ 10ರ ಆಸುಪಾಸು ಇರುತ್ತದೆ. ಅದಕ್ಕಿಂತ ಒಣಗಿದರೆ ಚೀಲ ತುಂಬುವಾಗ ಮುರಿದು ಬೀಜ ಉದುರುತ್ತದೆ, ಅದಕ್ಕೇ ಸ್ವಲ್ಪ ನೀರು ಚಿಮುಕಿಸುವ ರೂಢಿ. ಆ ‘ಸ್ವಲ್ಪ’ದಲ್ಲೇ ಎಲ್ಲ ಇದೆ. 10 ಕ್ವಿಂಟಲ್ ಕಾಯಿಗೆ ಶೇಕಡಾ 5ರಷ್ಟು ನೀರು ಕುಡಿಸಿದರೆ 50 ಕಿಲೋ ತೂಕ ಏರುತ್ತದೆ; ಧಾರಣಿ ಕ್ವಿಂಟಲಿಗೆ ₹20,000 ಅಂತ ಹಿಡಿದರೆ ₹10,000. ಕೊಂಡವನು ಅದನ್ನು ಹಾಗೇ ಇಟ್ಟರೆ ಬೂಷ್ಟು ಹಿಡಿದು ಬಣ್ಣ ಹೋಗುತ್ತದೆ, ಆದರೆ ಅಷ್ಟರಲ್ಲಿ ಮಾರಿದವನು ಊರು ಸೇರಿರುತ್ತಾನೆ.

ನೀರು ಹೊಡೆಯದವನು ಯಾಕೆ ಹೊಡೆಯಲಿಲ್ಲ? ಖರೀದಿದಾರರು ಮುಷ್ಟಿಯಲ್ಲಿ ಹಿಸುಕಿ ನೋಡಿ ಟೆಂಡರಿನಲ್ಲಿ ದರ ಇಳಿಸುತ್ತಾರೆ ಅಂತಲಾದರೆ ಅದು ಲೆಕ್ಕ. ತಪ್ಪೇನಿಲ್ಲ, ಆದರೆ ಲೆಕ್ಕವನ್ನು ಮೌಲ್ಯ ಅನ್ನಬೇಡಿ. ಎರಡನ್ನೂ ಬೇರ್ಪಡಿಸಲು ಪ್ರಶ್ನೆ ಎರಡು ಸಾಕು. ಸಿಕ್ಕಿಬೀಳುವ ಅಂಜಿಕೆಯೇ ಇಲ್ಲದಿದ್ದರೆ? ₹10,000 ಇದ್ದದ್ದು ಒಂದು ಲಕ್ಷ ಆದರೆ? ಲಕ್ಷಕ್ಕೆ ಕೈ ನಲ್ಲಿಯ ಕಡೆ ಹೋದರೆ, ಆ ಪ್ರಾಮಾಣಿಕತೆಯ ಧಾರಣಿ ಹತ್ತು ಸಾವಿರಕ್ಕೂ ಲಕ್ಷಕ್ಕೂ ನಡುವೆ ಎಲ್ಲೋ ಇದೆ ಅಂತಾಯಿತು.

ಅದೇ ರೈತ ಮಗಳ ಹಾಸ್ಟೆಲ್ ಫೀಗೆ ಕೊನೆಯ ದಿನ ಅಂತ ಒಂದು ವರ್ಷ ನೀರು ಹೊಡೆದ ಎನ್ನಿ. ಭಾಷಣಕಾರರು ಇದನ್ನು ‘ಮೌಲ್ಯಗಳ ಕುಸಿತ’ ಅನ್ನುತ್ತಾರೆ. ಯಾವುದೂ ಕುಸಿದಿಲ್ಲ. ಮನೆಯವರ ಕಾಳಜಿ ಪ್ರಾಮಾಣಿಕತೆಯ ಮೇಲೆ ಹತ್ತಿ ಕುಳಿತಿದೆ. ಶಲೋಮ್ ಶ್ವಾರ್ಟ್ಸ್ ಎಂಬ ಸಾಮಾಜಿಕ ಮನಶ್ಶಾಸ್ತ್ರಜ್ಞ 1992ರಲ್ಲಿ ಹತ್ತು ಬಗೆಯ ಮೌಲ್ಯಗಳನ್ನು ಸುತ್ತು ಹಾಕಿ ಜೋಡಿಸಿ ತೋರಿಸಿದ್ದು ಇದನ್ನೇ: ಪಕ್ಕಪಕ್ಕದವು ಹೊಂದಿಕೊಳ್ಳುತ್ತವೆ, ಎದುರುಬದುರಿನವು ಜಗ್ಗಾಡುತ್ತವೆ. ಸಂಪ್ರದಾಯ, ಭದ್ರತೆ, ಸ್ವಾತಂತ್ರ್ಯ, ಸಾಧನೆ ಎಲ್ಲರಿಗೂ ಬೇಕು. ಯಾವುದು ಯಾವುದರ ಮೇಲೆ ಅನ್ನುವುದರಲ್ಲಿ ಮನುಷ್ಯರು ಬೇರೆಯಾಗುತ್ತಾರೆ. ಹಾಗಾಗಿ ‘ನಮ್ಮ ಮೌಲ್ಯಗಳು: ಸತ್ಯ, ಸೇವೆ, ಶಿಸ್ತು’ ಎಂಬ ಬೋರ್ಡು ಏನನ್ನೂ ಹೇಳುವುದಿಲ್ಲ. ಸತ್ಯ ಹೇಳಿದರೆ ಸೇವೆಗೆ ಧಕ್ಕೆ ಅನ್ನುವ ದಿನ ಯಾವುದನ್ನು ಬಿಡುತ್ತೀರಿ ಅಂತ ಬರೆದಿದ್ದರೆ ಓದಬಹುದಿತ್ತು.

ಗುರಿಯನ್ನು ಮೌಲ್ಯ ಅನ್ನುವವರೂ ಇದ್ದಾರೆ. ಮನೆ ಕಟ್ಟಿಸಿದರೆ ಗುರಿ ಮುಗಿಯಿತು; ಮೌಲ್ಯ ಮುಗಿಯುವ ಬಾಬತ್ತಲ್ಲ. ಇಷ್ಟು ಸಾಕು.

ಮೌಲ್ಯದ ವೇಷದಲ್ಲಿ ಹೆಚ್ಚು ತಿರುಗುವುದು ಭಿಡೆ. ಮರಾಠಿಯಿಂದ ಬಂದ ಪದ. ದಾಕ್ಷಿಣ್ಯ ಅಂದರೆ ಹತ್ತಿರ ಬಂತು, ಪೂರ್ತಿ ಬರಲಿಲ್ಲ. ಜಾಮೀನಿನ ಸಹಿ ನೋಡಿ. 1872ರ ಕರಾರು ಕಾಯಿದೆಯ 128ನೆಯ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ಹೇಳದಿದ್ದರೆ, ಸಾಲ ತೆಗೆದವನ ಹೊಣೆ ಎಷ್ಟೋ ಜಾಮೀನುದಾರನದೂ ಅಷ್ಟೇ. ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ ಕಾಲಕ್ಕೆ 1904ರ ಕಾಯಿದೆ ಇನ್ನೂ ಬಿಗಿ: ಹಳ್ಳಿಯ ಸಂಘಗಳಿಗೆ ಸಾಮಾನ್ಯವಾಗಿ ಅಪರಿಮಿತ ಹೊಣೆ. ಅಂದರೆ ಸಂಘದ ಸಾಲ ಮುಳುಗಿದರೆ ಸದಸ್ಯನ ಹೊಲ-ಮನೆಗೂ ಬರಬಹುದು. ಅದು ಗೊತ್ತಿದ್ದು ಹಾಕಿದ ಸಹಿಗೆ ಮೌಲ್ಯ ಎಂಬ ಪದ ಒಪ್ಪುತ್ತದೆ. ಬೀಗರು ಚಹಾ ಕುಡಿಯುತ್ತ ಎದುರಿಗೇ ಕುಳಿತಿದ್ದಾರೆ, ‘ಇಲ್ಲ’ ಅನ್ನಲು ಬಾಯಿ ಬರುತ್ತಿಲ್ಲ ಅಂತ ಫಾರ್ಮು ಓದದೆ ಹಾಕಿದ ಸಹಿ ಭಿಡೆಯದು, ಆಮೇಲೆ ಅದನ್ನು ‘ನಮ್ಮ ಮನೆತನದ ಮೌಲ್ಯ’ ಅಂತ ಎಷ್ಟು ಹೇಳಿಕೊಂಡರೂ.

ಬೇರ್ಪಡಿಸುವುದು ಕಷ್ಟವಲ್ಲ. ‘ವಿಚಾರ ಮಾಡಿ ನಾಳೆ ಹೇಳ್ತೀನ್ರಿ’ ಅಂದು ಫಾರ್ಮನ್ನು ಒಂದು ರಾತ್ರಿ ಮನೆಯಲ್ಲಿಟ್ಟುಕೊಳ್ಳಬೇಕು. ಸಾಲದ ಮೊತ್ತ, ಅವಧಿ, ಕಂತು ತಪ್ಪಿದರೆ ನಿಮ್ಮ ಪಗಾರದಿಂದ ಹೋಗುವ ತಿಂಗಳ ರೊಕ್ಕ, ಮೂರನ್ನೂ ಬರೆದು ನೋಡಬೇಕು. ಬೀಗರು ಎದ್ದು ಹೋದ ಮೇಲೆ ಭಿಡೆ ಅರ್ಧ ಇಳಿದಿರುತ್ತದೆ. ಬೆಳಿಗ್ಗೆ ಅದೇ ಅಂಕಿಗಳನ್ನು ನೋಡಿಯೂ ಪೆನ್ನು ಎತ್ತಿದರೆ, ಸಹಿ ನಿಮ್ಮದು.