ಸರದಿಯಲ್ಲಿ ನಿಂತ ವೈಫೈ

ವಿಡಿಯೊ ಕರೆಯೊಂದರ ನಡುವೆ ನನ್ನ ಮುಖ, ಬಾಯಿ ಅರೆ ತೆರೆದು ಕಣ್ಣು ಮೇಲಕ್ಕೆ ಸಿಕ್ಕಿಕೊಂಡ ಭಂಗಿಯಲ್ಲಿ, ಪೂರಾ ಒಂದು ನಿಮಿಷ ನಿಂತುಬಿಟ್ಟಿತು. ಸಹೋದ್ಯೋಗಿಯೊಬ್ಬರು ಆ ಚಿತ್ರವನ್ನು ಇನ್ನೂ ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಅದೇ ಸಿಟ್ಟಿನಲ್ಲಿ ಇಂಟರ್ನೆಟ್ ಕಂಪನಿಗೆ ಫೋನು ಮಾಡಿ 100 ಎಂಬಿಪಿಎಸ್ ಪ್ಲಾನನ್ನು 300ಕ್ಕೆ ಏರಿಸಿಕೊಂಡೆ. ಮುಂದಿನ ವಾರವೂ ಮುಖ ನಿಂತಿತು. ಈ ಸಲ ಕಣ್ಣು ಮುಚ್ಚಿತ್ತು ಎಂಬುದಷ್ಟೇ ವ್ಯತ್ಯಾಸ.

ಕೊನೆಗೆ ಗುಣವಾದದ್ದು ಬಿಟ್ಟಿಯಾಗಿ. ರೂಟರು ಉಕ್ಕಿನ ಬೀರುವಿನ ಹಿಂದೆ, ನೆಲದಿಂದ ಒಂದು ಗೇಣು ಮೇಲೆ, ಮೂಲೆಯಲ್ಲಿ ಕುಳಿತಿತ್ತು. ಅದನ್ನು ಎತ್ತಿ ನಡುಮನೆಯ ಶೆಲ್ಫಿನ ಮೇಲಿಟ್ಟೆ. ಅಷ್ಟೇ. ಹೆಚ್ಚು ದುಡ್ಡು ಕೊಟ್ಟು ನಾನು ಅಗಲ ಮಾಡಿಸಿದ್ದು ಬೀದಿಯಿಂದ ಮನೆಬಾಗಿಲವರೆಗಿನ ದಾರಿಯನ್ನು. ಕೆಟ್ಟಿದ್ದು ಬಾಗಿಲಿನಿಂದ ಮೇಜಿನವರೆಗಿನ ಹತ್ತು ಹೆಜ್ಜೆ. ಎರಡನ್ನೂ ‘ನೆಟ್’ ಎಂಬ ಒಂದೇ ಹೆಸರಿನಿಂದ ಕರೆಯುವುದರಿಂದಲೇ ಬಹಳಷ್ಟು ಹಣ ದಂಡವಾಗುತ್ತದೆ. ಇನ್ನೊಂದು ಸಂಗತಿ ತಡವಾಗಿ ಹೊಳೆಯಿತು. ‘ನೆಟ್ ನಿಧಾನ’ ಎಂದು ಗೊಣಗುವಾಗ ಬಹುಪಾಲು ಸಲ ಯಾವುದೂ ನಿಧಾನವಾಗಿ ಚಲಿಸುತ್ತಿರುವುದಿಲ್ಲ. ರೇಡಿಯೊ ಅಲೆಯೂ ಬೆಳಕೂ ತಮ್ಮ ಎಂದಿನ ಓಟದಲ್ಲೇ ಇರುತ್ತವೆ. ನಮ್ಮ ಡೇಟಾ ಎಲ್ಲೋ ಸಾಲಿನಲ್ಲಿ ನಿಂತು ತನ್ನ ಸರದಿಗೆ ಕಾಯುತ್ತಿರುತ್ತದೆ. ಆ ಸಾಲು ಎಲ್ಲಿದೆ ಎಂದು ಪತ್ತೆ ಹಚ್ಚಬೇಕು.

ಪತ್ತೆಗೆ ಬೇಕಾದದ್ದು ಒಂದು ತಂತಿ. ಲ್ಯಾಪ್‌ಟಾಪನ್ನು ಈಥರ್ನೆಟ್ ಕೇಬಲ್ಲಿನಿಂದ ನೇರವಾಗಿ ರೂಟರಿಗೆ ಸಿಕ್ಕಿಸಿ ಸ್ಪೀಡ್ ಟೆಸ್ಟ್ ಮಾಡಿ. ಆಮೇಲೆ ತಂತಿ ಕಿತ್ತು, ತೊಂದರೆ ಕೊಡುವ ಕೋಣೆಯಲ್ಲಿ ಕುಳಿತು ವೈಫೈಯಲ್ಲಿ ಅದನ್ನೇ ಮಾಡಿ. ಎರಡೂ ಒಂದೇ ರೀತಿ ಕಳಪೆಯಾಗಿದ್ದರೆ ತಪ್ಪು ಹೊರಗಿನದು, ಕಂಪನಿಯನ್ನು ಕೇಳಬಹುದು. ತಂತಿಯಲ್ಲಿ ಚೆನ್ನಾಗಿದ್ದು ವೈಫೈಯಲ್ಲಿ ಸೊರಗಿದ್ದರೆ ತಪ್ಪು ನಮ್ಮ ಮನೆಯದೇ. ಈ ಪರೀಕ್ಷೆ ಮಾಡದೆ ಯಾರಿಗೂ ಬೈಯಬಾರದೆಂಬುದು ನಾನು ಬೈದಾದ ಮೇಲೆ ಕಲಿತ ಪಾಠ.

ಅಂಕಿಗಳನ್ನು ಓದುವಾಗ ಎರಡು ಎಚ್ಚರ. ಎಂಬಿಪಿಎಸ್ ಎಂದರೆ ಸೆಕೆಂಡಿಗೆ ಇಷ್ಟು ಮೆಗಾಬಿಟ್. ಕಡತದ ಗಾತ್ರವನ್ನು ನಾವು ಅಳೆಯುವುದು ಮೆಗಾಬೈಟಿನಲ್ಲಿ. ಎಂಟು ಬಿಟ್ಟಿಗೆ ಒಂದು ಬೈಟು. ಹಾಗಾಗಿ 100 ಎಂಬಿಪಿಎಸ್ ಸಂಪರ್ಕ ಸೆಕೆಂಡಿಗೆ 12.5 ಮೆಗಾಬೈಟಿಗಿಂತ ಹೆಚ್ಚು ಇಳಿಸಲಾರದು, ಅದು ಮೋಸವಲ್ಲ. ಎರಡನೆಯದು ಸ್ವಲ್ಪ ಗುಟ್ಟಿನ ಸಂಗತಿ. ಈಥರ್ನೆಟ್ ಕೇಬಲ್ಲಿನೊಳಗೆ ಜೋಡಿ ಜೋಡಿಯಾಗಿ ಹೊಸೆದ ಎಂಟು ತಂತಿಗಳಿರುತ್ತವೆ. 1000 ಎಂಬಿಪಿಎಸ್ ಓಡಲು ನಾಲ್ಕೂ ಜೋಡಿ ಬೇಕು. 100ಕ್ಕೆ ಎರಡೇ ಸಾಕು. ಬಾಗಿಲಿನ ಸಂದಿಯಲ್ಲಿ ನಜ್ಜಾಗಿ ಒಂದು ತಂತಿ ತುಂಡಾದರೆ ಬಹಳ ಸಲ ಸಂಪರ್ಕ ಕಡಿಯುವುದಿಲ್ಲ, ಸದ್ದಿಲ್ಲದೆ 100ಕ್ಕೆ ಇಳಿದುಬಿಡುತ್ತದೆ. 300ರ ಪ್ಲಾನಿಟ್ಟುಕೊಂಡು ತಂತಿಯಲ್ಲೂ ಅಂಕಿ 94ರ ಆಸುಪಾಸಿನಲ್ಲಿ ಹಟ ಹಿಡಿದು ನಿಂತಿದ್ದರೆ ಮೊದಲು ಕೇಬಲ್ ಬದಲಿಸಿ ನೋಡಿ.

ಇನ್ನು ಮನೆಯೊಳಗಿನ ಗಾಳಿಗೆ ಬರೋಣ. ಗಾಳಿ ಎಂದದ್ದು ಬಾಯಿಮಾತಿಗೆ, ರೇಡಿಯೊ ಅಲೆಗೆ ಗಾಳಿಯ ಹಂಗಿಲ್ಲ. ವೈಫೈ ಮುಖ್ಯವಾಗಿ ಬಳಸುವುದು 2.4 ಮತ್ತು 5 ಗಿಗಾಹರ್ಟ್ಸ್ ಆವರ್ತನ ಪಟ್ಟಿಗಳನ್ನು. ಹೊಸ ಉಪಕರಣಗಳು 6ನ್ನೂ ಬಳಸುತ್ತವೆ. ಮೊದಲನೆಯದರ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್, ಎರಡನೆಯದರದು 6 ಸೆಂಟಿಮೀಟರ್. ಫೋನಿಗೆ ತಲುಪುವ ಸಿಗ್ನಲ್ಲಿನ ಬಲವನ್ನು ಡಿಬಿಎಂ ಎಂಬ ಅಳತೆಯಲ್ಲಿ ತೋರಿಸುವ ಉಚಿತ ಆ್ಯಪ್‌ಗಳಿವೆ. ಮೈನಸ್ 50 ಇದ್ದರೆ ಸೊಗಸು, ಮೈನಸ್ 67ರವರೆಗೆ ವಿಡಿಯೊ ಕರೆಗೆ ಅಡ್ಡಿಯಿಲ್ಲ, ಮೈನಸ್ 80 ಎಂದರೆ ಒದ್ದಾಟ. ಈ ಅಳತೆಯಲ್ಲಿ ಮೂರು ಇಳಿದರೆ ಬಲ ಅರ್ಧವಾಗುತ್ತದೆ, ಹತ್ತು ಇಳಿದರೆ ಹತ್ತನೇ ಒಂದು ಭಾಗ. 50ರಿಂದ 80ಕ್ಕೆ ಜಾರಿದರೆ ಉಳಿಯುವುದು ಸಾವಿರದಲ್ಲೊಂದು ಪಾಲು.

ಫೋನು ಹಿಡಿದು ಮನೆಯೆಲ್ಲ ಸುತ್ತಿ. ತೆರೆದ ಬಯಲಿನಲ್ಲಿ ದೂರ ಎರಡರಷ್ಟಾದರೆ ಬಲ ಕಾಲುಭಾಗಕ್ಕೆ ಇಳಿಯುತ್ತದೆ, ಆದರೆ ಮನೆಯಲ್ಲಿ ದೂರಕ್ಕಿಂತ ಗೋಡೆಯ ಕಾಟ ದೊಡ್ಡದು. ಮರದ ಬಾಗಿಲು ಸಾಧು. ಇಟ್ಟಿಗೆ ಗೋಡೆ ಸ್ವಲ್ಪ ಕಿತ್ತುಕೊಳ್ಳುತ್ತದೆ, ಕಂಬಿ ಹೆಣೆದ ಕಾಂಕ್ರೀಟು ಬಹಳವನ್ನು ನುಂಗುತ್ತದೆ. ಆಳೆತ್ತರದ ಕನ್ನಡಿ ನೋಡಲು ಗಾಜು, ಅಲೆಯ ಪಾಲಿಗೆ ಲೋಹದ ತಗಡು, ಏಕೆಂದರೆ ಅದರ ಬೆನ್ನಿಗೆ ಲೋಹದ ಲೇಪವಿರುತ್ತದೆ. ನೀರು ಅಲೆಯನ್ನು ಹೀರುತ್ತದೆ, ಆದ್ದರಿಂದ ಮೀನಿನ ತೊಟ್ಟಿಯೂ ಅಡ್ಡಿ, ಬಹುಪಾಲು ನೀರೇ ಆದ ನಾವೂ ಅಡ್ಡಿ. ಫೋನಿಗೂ ರೂಟರಿಗೂ ನಡುವೆ ಬೆನ್ನು ತಿರುಗಿಸಿ ನಿಂತರೆ ಅಂಕಿ ಕೆಳಗಿಳಿಯುವುದನ್ನು ಕಣ್ಣಾರೆ ನೋಡಬಹುದು.

ಮೈಕ್ರೊವೇವ್ ಒಲೆಯ ಮೇಲಿನ ದೂರು ನಿಜ. ಅದು ಕೆಲಸ ಮಾಡುವುದು 2.45 ಗಿಗಾಹರ್ಟ್ಸ್‌ನಲ್ಲಿ, ವೈಫೈಯ ಒಂದು ಪಟ್ಟಿಯ ನಟ್ಟನಡುವೆ. ನೀರಿನ ಅಣು ಸರಿಯಾಗಿ ಆ ಆವರ್ತನಕ್ಕೇ ಅನುರಣಿಸುವುದರಿಂದ ಹಾಗೆ ಆರಿಸಲಾಗಿದೆ ಎಂಬ ಮಾತು ಮಾತ್ರ ಕಟ್ಟುಕತೆ. ನೀರು ಆಸುಪಾಸಿನ ಎಲ್ಲ ಆವರ್ತನಗಳಲ್ಲೂ ಬಿಸಿಯಾಗುತ್ತದೆ. ಒಲೆಯೊಳಗೆ ನೂರಾರು ವಾಟ್ ಸುತ್ತುತ್ತಿರುವಾಗ ರೂಟರು ಹೊರಸೂಸುವುದು ವಾಟಿನ ಹತ್ತನೇ ಒಂದು ಭಾಗದ ಆಸುಪಾಸು. ಬಾಗಿಲಿನ ಅಂಚಿನಿಂದ ಸೋರುವ ಎಳ್ಳುಕಾಳಿನಷ್ಟು ಶಕ್ತಿಯೂ ಅದರ ದನಿಯನ್ನು ಮುಚ್ಚಿಹಾಕಬಲ್ಲದು. 5ರ ಪಟ್ಟಿಗೆ ಹೋದರೆ ಈ ರಗಳೆ ಇಲ್ಲ.

ಗೋಡೆಗಳನ್ನು ಪೂರಾ ಖಳನಾಯಕ ಮಾಡುವುದೂ ಅನ್ಯಾಯ. ಅಲೆಗಳು ಗೋಡೆ, ನೆಲ, ಬೀರುಗಳಿಗೆ ಬಡಿದು ಪುಟಿದೇ ಎಷ್ಟೋ ಮೂಲೆಗಳನ್ನು ತಲುಪುತ್ತವೆ. ಆದರೆ ಒಂದೇ ಸಂದೇಶ ಹಲವು ದಾರಿ ಹಿಡಿದು, ಹಿಂದೆ ಮುಂದೆ ಬಂದು, ಒಂದರ ಮೇಲೊಂದು ಬಿದ್ದಾಗ ಗೋಜಲಾಗುತ್ತದೆ. ಖಾಲಿ ಸಭಾಂಗಣದಲ್ಲಿ ವೇಗವಾಗಿ ಮಾತಾಡಿದರೆ ಪ್ರತಿಧ್ವನಿಯಲ್ಲಿ ಪದಗಳು ಕಲಸಿಹೋಗುವಂತೆ. ಈ ತೊಡಕನ್ನು ಬಿಡಿಸಿದವರಲ್ಲಿ ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಸ್ಥೆಯ ಜಾನ್ ಒ’ಸಲಿವನ್ ಮತ್ತು ಸಂಗಡಿಗರು ಮುಖ್ಯರು. ಒ’ಸಲಿವನ್ ರೇಡಿಯೊ ಖಗೋಳಶಾಸ್ತ್ರಜ್ಞರು. ಸಿಡಿಯುವ ಪುಟ್ಟ ಕಪ್ಪುಕುಳಿಗಳ ಕ್ಷೀಣ ಸಿಗ್ನಲ್ಲಿಗಾಗಿ ಹುಡುಕಾಡಿದ್ದವರು. ಕಪ್ಪುಕುಳಿ ಸಿಗಲಿಲ್ಲ, ಆ ಹುಡುಕಾಟದಲ್ಲಿ ಪಳಗಿದ ಗಣಿತ ಕೈಹಿಡಿಯಿತು. ವೇಗವಾಗಿ ಓಡುವ ಒಂದು ಡೇಟಾ ಹೊಳೆಯನ್ನು ನಿಧಾನವಾಗಿ ಹರಿಯುವ ಹಲವು ತೊರೆಗಳಾಗಿ ಒಡೆದರೆ, ಪ್ರತಿ ಅಕ್ಷರವೂ ಪ್ರತಿಧ್ವನಿ ಅಡಗುವಷ್ಟು ಹೊತ್ತು ಉಳಿಯುತ್ತದೆ. 1996ರಲ್ಲಿ ಅವರಿಗೆ ಅಮೆರಿಕದ ಪೇಟೆಂಟ್ ಸಿಕ್ಕಿತು. ಪುಟಿತದ ಚಮತ್ಕಾರವನ್ನು ಮನೆಯಲ್ಲೇ ನೋಡಬಹುದು: ಫೋನನ್ನು ನಾಲ್ಕು ಬೆರಳಿನಷ್ಟು ಅತ್ತಿತ್ತ ಸರಿಸಿದರೆ ಸಿಗ್ನಲ್ಲಿನ ಅಂಕಿ ಜಿಗಿಯುತ್ತದೆ. ಒಂದು ಕಡೆ ಅಲೆಗಳು ಕೂಡಿಕೊಳ್ಳುತ್ತವೆ, ಪಕ್ಕದಲ್ಲೇ ಒಂದನ್ನೊಂದು ಅಳಿಸಿಹಾಕುತ್ತವೆ.

ನನ್ನ ಮಟ್ಟಿಗೆ ವೈಫೈಯ ನಿಜವಾದ ಸ್ವಾರಸ್ಯ ಸಿಗ್ನಲ್ಲಿನಲ್ಲಿಲ್ಲ, ಸರದಿಯಲ್ಲಿದೆ. ಒಂದು ಚಾನೆಲ್ಲಿನಲ್ಲಿ, ಅಂದರೆ ಆವರ್ತನ ಪಟ್ಟಿಯ ಒಂದು ಹೋಳಿನಲ್ಲಿ, ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು. ಯಾರು ಯಾವಾಗ ಎಂದು ಹೇಳುವ ಯಜಮಾನನಿಲ್ಲ. ಪ್ರತಿ ಉಪಕರಣವೂ ಮೊದಲು ಕಿವಿಗೊಟ್ಟು ಕೇಳುತ್ತದೆ, ಸದ್ದಿಲ್ಲದಿದ್ದರೆ ಮನಸ್ಸಿಗೆ ಬಂದಷ್ಟು ಕ್ಷಣ ಕಾಯುತ್ತದೆ, ಆಮೇಲೆ ಬಾಯಿ ತೆರೆಯುತ್ತದೆ. ಇಬ್ಬರು ಒಟ್ಟಿಗೆ ತೆರೆದರೆ ಇಬ್ಬರ ಮಾತೂ ಹಾಳು. ಮತ್ತೆ ಬೇರೆ ಬೇರೆ ಹೊತ್ತು ಕಾದು ಹೊಸದಾಗಿ ಪ್ರಯತ್ನ. ಈ ಉಪಾಯದ ಬೇರು 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದಲ್ಲಿ ನಾರ್ಮನ್ ಅಬ್ರಾಮ್‌ಸನ್ ತಂಡ ದ್ವೀಪಗಳ ನಡುವೆ ರೇಡಿಯೊ ಮೂಲಕ ಕಂಪ್ಯೂಟರ್ ಜೋಡಿಸಲು ಕಟ್ಟಿದ ಅಲೋಹಾನೆಟ್‌ನಲ್ಲಿದೆ.

ಈ ಶಿಸ್ತಿನ ಪರಿಣಾಮ ವಿಚಿತ್ರ. ದೂರದ ಕೋಣೆಯಲ್ಲಿ ಸಿಗ್ನಲ್ ಕ್ಷೀಣವಾದ ಹಳೆಯ ಫೋನೊಂದಿದೆ ಎನ್ನಿ. ಸಿಗ್ನಲ್ ಕ್ಷೀಣವಾದಷ್ಟೂ ಅದು ಬಿಡಿಸಿ ಬಿಡಿಸಿ, ನಿಧಾನವಾಗಿ ಮಾತಾಡಬೇಕಾಗುತ್ತದೆ. ಹತ್ತಿರದ ಲ್ಯಾಪ್‌ಟಾಪು ಕಣ್ಣುಮಿಟುಕಿನಲ್ಲಿ ಮುಗಿಸುವ ಪ್ಯಾಕೆಟ್ಟಿಗೆ, ಅಂದರೆ ಡೇಟಾದ ಒಂದು ಪುಟ್ಟ ಕಂತೆಗೆ, ಅದು ಹತ್ತಿಪ್ಪತ್ತು ಪಟ್ಟು ಹೊತ್ತು ತೆಗೆದುಕೊಳ್ಳುತ್ತದೆ. ಅಷ್ಟೂ ಹೊತ್ತು ಮನೆಯವರೆಲ್ಲ ಸುಮ್ಮನಿರಬೇಕು. ರೂಟರಿನ ಪಕ್ಕದಲ್ಲೇ ಕುಳಿತವನ ಸಿನಿಮಾ ತಡವರಿಸುವುದಕ್ಕೆ ಒಳಮನೆಯ ಆ ಫೋನು ಕಾರಣವಾಗಿರಬಹುದು. ಸಾಲಿನಲ್ಲಿ ಮುಂದೆ ನಿಂತವರು ಕಿಟಕಿಯ ಬಳಿ ಕತೆ ಹೇಳತೊಡಗಿದರೆ ಹಿಂದಿನವರ ಅವಸರಕ್ಕೆ ಬೆಲೆಯೆಲ್ಲಿ? ಹಾಗಾಗಿ ಕದಲದ ಸಾಮಾನುಗಳನ್ನು, ಅಂದರೆ ಟಿವಿ, ಮೇಜಿನ ಕಂಪ್ಯೂಟರುಗಳನ್ನು, ತಂತಿಗೆ ಕಟ್ಟಿಹಾಕಿದರೆ ಲಾಭ ಅವುಗಳಿಗಿಂತ ಮಿಕ್ಕವರಿಗೇ ಹೆಚ್ಚು.

ಪಕ್ಕದ ಮನೆಯವರೂ ಇದೇ ಸಾಲಿನಲ್ಲಿದ್ದಾರೆ. 2.4ರ ಪಟ್ಟಿಯಲ್ಲಿ ಚಾನೆಲ್ಲುಗಳು 5 ಮೆಗಾಹರ್ಟ್ಸ್ ಅಂತರದಲ್ಲಿವೆ, ಆದರೆ ಒಂದೊಂದು ಪ್ರಸಾರ 20 ಮೆಗಾಹರ್ಟ್ಸ್ ಜಾಗ ಹಿಡಿಯುತ್ತದೆ. ಒಂದಕ್ಕೊಂದು ತಾಗದೆ ಉಳಿಯುವುದು 1, 6, 11 ಮಾತ್ರ. ಇವು ಮೂರೂ ತುಂಬಿವೆ ಎಂದು ಜಾಣತನದಿಂದ 3ನ್ನು ಆರಿಸಿಕೊಳ್ಳುವವರಿದ್ದಾರೆ, ಒಂದು ಕಾಲಕ್ಕೆ ನಾನೂ ಆರಿಸಿದ್ದೆ. ಒಂದೇ ಚಾನೆಲ್ಲಿನಲ್ಲಿದ್ದರೆ ನೆರೆಯ ರೂಟರಿನ ಮಾತು ಮಾತಾಗಿ ಕೇಳಿಸುತ್ತದೆ, ಸರದಿ ಹಂಚಿಕೊಳ್ಳಬಹುದು. ಅರೆಬರೆ ತಾಗಿದಾಗ ಅದು ಬರೀ ಗದ್ದಲ. 1ರವರಿಗೂ 6ರವರಿಗೂ ಒಟ್ಟಿಗೆ ತೊಂದರೆ. 5ರ ಪಟ್ಟಿಯಲ್ಲಿ ಜಾಗ ವಿಶಾಲ, ಗೋಡೆ ದಾಟುವ ಶಕ್ತಿ ಕಡಿಮೆ. ಆ ದೌರ್ಬಲ್ಯವೇ ಒಂದು ವರ: ನೆರೆಯವರ ಗದ್ದಲವೂ ಅಷ್ಟಾಗಿ ಗೋಡೆ ದಾಟುವುದಿಲ್ಲ.

ರಿಪೀಟರ್ ಎಂಬ ಪುಟ್ಟ ಪೆಟ್ಟಿಗೆ ಕೊಳ್ಳುವ ಮುನ್ನವೂ ಈ ಸರದಿಯ ಲೆಕ್ಕ ನೆನಪಿರಲಿ. ಒಂದೇ ರೇಡಿಯೊ ಇರುವ ರಿಪೀಟರು ಪ್ರತಿ ಪ್ಯಾಕೆಟ್ಟನ್ನೂ ಕೇಳಿಸಿಕೊಂಡು ಅದೇ ಚಾನೆಲ್ಲಿನಲ್ಲಿ ಮತ್ತೆ ಹೇಳುತ್ತದೆ. ಒಂದು ಮಾತಿಗೆ ಎರಡು ಸರದಿ, ವೇಗ ಹೆಚ್ಚು ಕಡಿಮೆ ಅರ್ಧ. ಜೊತೆಗೆ ಅದನ್ನು ಸಿಗ್ನಲ್ಲೇ ಇಲ್ಲದ ಕೋಣೆಯಲ್ಲಿ ಇಡುವವರೇ ಹೆಚ್ಚು. ಕೇಳಿಸದ್ದನ್ನು ಅದಾದರೂ ಹೇಗೆ ಮತ್ತೆ ಹೇಳೀತು? ಇಡಬೇಕಾದದ್ದು ನಡುದಾರಿಯಲ್ಲಿ. ಮನೆಯ ಅಲ್ಲಲ್ಲಿ ಇಟ್ಟು ಒಂದೇ ಜಾಲವಾಗಿ ಬಳಸುವ ಮೆಶ್ ಪೆಟ್ಟಿಗೆಗಳಲ್ಲಿ ತಮ್ಮ ತಮ್ಮೊಳಗಿನ ಮಾತುಕತೆಗೆ ಬೇರೆ ರೇಡಿಯೊ ಇದ್ದರೆ ಈ ನಷ್ಟ ಕಡಿಮೆ. ಎಲ್ಲಕ್ಕಿಂತ ಮೇಲು, ದೂರದ ಕೋಣೆಗೆ ಒಂದು ಕೇಬಲ್ ಎಳೆದು ಅಲ್ಲೊಂದು ಆಕ್ಸೆಸ್ ಪಾಯಿಂಟ್, ಅಂದರೆ ತಂತಿಯಲ್ಲಿ ಬಂದದ್ದನ್ನು ವೈಫೈಯಾಗಿ ಹಂಚುವ ಪೆಟ್ಟಿಗೆ, ಇಡುವುದು. ಗೋಡೆ ಕೊರೆಯುವ ಧೂಳು ಒಂದು ದಿನದ್ದು.

ಆಂಟೆನಾದ ಬಗ್ಗೆ ಒಂದೇ ಮಾತು. ನೆಟ್ಟಗೆ ನಿಂತ ಆಂಟೆನಾದಿಂದ ಅಲೆ ಸಿಂಬಿಯ ಆಕಾರದಲ್ಲಿ ಸುತ್ತಲೂ ಹರಡುತ್ತದೆ, ತುದಿಯ ನೇರಕ್ಕೆ ಬಹಳ ಕಡಿಮೆ. ತೊಂದರೆಯ ಕೋಣೆಯತ್ತ ಆಂಟೆನಾವನ್ನು ಕೋವಿಯಂತೆ ಗುರಿಯಿಟ್ಟರೆ ಫಲ ತಿರುವುಮುರುವು.

ಇನ್ನೊಂದು ಸಾಲು ರೂಟರಿನ ಹೊಟ್ಟೆಯಲ್ಲೇ ಇರುತ್ತದೆ. 2010ರ ಸುಮಾರಿಗೆ ಅಮೆರಿಕದ ಎಂಜಿನಿಯರ್ ಜಿಮ್ ಗೆಟಿಸ್ ಮನೆಯಿಂದ ದೊಡ್ಡ ಕಡತ ಕಳುಹಿಸುತ್ತಿದ್ದಾಗ, ಉಳಿದೆಲ್ಲವೂ ತೆವಳತೊಡಗಿ, ಪ್ಯಾಕೆಟ್ಟೊಂದು ಹೋಗಿ ಬರಲು ಸೆಕೆಂಡಿಗೂ ಮಿಕ್ಕಿ ಹಿಡಿಯುತ್ತಿರುವುದನ್ನು ಕಂಡರು. ಒಂದು ಪ್ಯಾಕೆಟ್ಟೂ ಕಳೆದುಹೋಗದಿರಲಿ ಎಂದು ತಯಾರಕರು ಉಪಕರಣಗಳಲ್ಲಿ ಅಗತ್ಯಕ್ಕಿಂತ ದೊಡ್ಡ ಬಫರ್, ಅಂದರೆ ಪ್ಯಾಕೆಟ್ಟುಗಳು ಕಾಯುವ ಜಾಗ, ಇಟ್ಟಿದ್ದರು. ಸಾಲು ಉದ್ದವಾಗುತ್ತಲೇ ಹೋಗುತ್ತಿತ್ತು, ಯಾರನ್ನೂ ವಾಪಸು ಕಳುಹಿಸುತ್ತಿರಲಿಲ್ಲ. ಈ ಕಾಯಿಲೆಗೆ ಅವರಿಟ್ಟ ಹೆಸರು ಬಫರ್‌ಬ್ಲೋಟ್. ಫೋನೊಂದು ನೂರಾರು ಫೋಟೊಗಳನ್ನು ಮೇಲಕ್ಕೆ ಕಳುಹಿಸತೊಡಗಿದ ಕ್ಷಣವೇ ನಿಮ್ಮ ಮುಖ ನಿಂತರೆ ಇದೇ ಕಾರಣವಿರಬಹುದು. ದೊಡ್ಡ ಅಪ್‌ಲೋಡ್ ನಡೆಯುವಾಗ ಪಿಂಗ್, ಅಂದರೆ ಪ್ಯಾಕೆಟ್ಟು ಹೋಗಿ ಬರುವ ಹೊತ್ತು, ಅಳೆದು ನೋಡಿ: 20 ಮಿಲಿಸೆಕೆಂಡಿದ್ದದ್ದು 500ಕ್ಕೆ ಹಾರಿದರೆ ಅನುಮಾನ ಬೇಡ. ಕೆಲವು ರೂಟರುಗಳಲ್ಲಿ ಸಾಲನ್ನು ನಿರ್ವಹಿಸುವ ಎಸ್‌ಕ್ಯೂಎಂ ಎಂಬ ಆಯ್ಕೆ ಇರುತ್ತದೆ; ಅದರಲ್ಲಿ ಸಂಪರ್ಕದ ವೇಗಕ್ಕಿಂತ ಹತ್ತು ಶೇಕಡಾ ಕಡಿಮೆ ಮಿತಿ ಹಾಕಿದರೆ, ವೇಗ ತುಸು ಬಿಟ್ಟುಕೊಟ್ಟು ನೆಮ್ಮದಿ ಪಡೆಯಬಹುದು.

ಇಷ್ಟೆಲ್ಲ ಆದ ಮೇಲೆ ಕಂಪನಿಯ ಆಯ್ಕೆ. ಫೈಬರ್ ಸಿಗುವಲ್ಲಿ ಬೇರೆ ಯೋಚನೆ ಅನಗತ್ಯ ಎಂಬುದು ನನ್ನ ಅಭಿಪ್ರಾಯ. ಗಾಜಿನ ಎಳೆಯಲ್ಲಿ ಬೆಳಕು ಸಾವಿರ ಕಿಲೋಮೀಟರನ್ನು 5 ಮಿಲಿಸೆಕೆಂಡಿನಲ್ಲಿ ದಾಟುತ್ತದೆ. ಟೆಲಿಫೋನಿನ ತಾಮ್ರದ ತಂತಿಯಲ್ಲಿ ದೂರ ಹೆಚ್ಚಿದಂತೆ ವೇಗ ಸೋರುತ್ತದೆ. 35,786 ಕಿಲೋಮೀಟರ್ ಎತ್ತರದ ಉಪಗ್ರಹದ ಮೂಲಕ ಕೇಳಿದ ಪ್ರಶ್ನೆಗೆ ಉತ್ತರ ಬರಲು, ಬೆಳಕಿನ ವೇಗದಲ್ಲೇ ಓಡಿದರೂ, ಹತ್ತಿರ ಹತ್ತಿರ ಅರ್ಧ ಸೆಕೆಂಡು ಬೇಕು. ಯಾವ ಪ್ಲಾನೂ ಅದನ್ನು ಕಡಿಮೆ ಮಾಡಲಾರದು. ಸುಮಾರು 550 ಕಿಲೋಮೀಟರಿನಲ್ಲಿ ಹಾರುವ ಹೊಸ ಉಪಗ್ರಹಗಳಿಗೆ ಈ ಶಾಪವಿಲ್ಲ.

ಆದರೆ ಫೈಬರಿನಲ್ಲೂ ಸಾಲು ಇದೆ. ವ್ಯಾಪಕವಾಗಿ ಬಳಕೆಯಲ್ಲಿರುವ ಜಿಪಾನ್ ವ್ಯವಸ್ಥೆಯಲ್ಲಿ ಒಂದು ಎಳೆಯ 2.5 ಗಿಗಾಬಿಟ್ ಇಳಿಹರಿವನ್ನು ವಿದ್ಯುತ್ತೇ ಬೇಡದ ಗಾಜಿನ ಕವಲುಗಳು 32 ಅಥವಾ 64 ಮನೆಗಳಿಗೆ ಹಂಚುತ್ತವೆ; ಏರುಹರಿವು ಅದರ ಅರ್ಧ. ಎಲ್ಲರೂ ಒಟ್ಟಿಗೆ ಕೇಳುವುದಿಲ್ಲ ಎಂಬ ನಂಬಿಕೆಯ ಮೇಲೆ ಈ ವ್ಯಾಪಾರ ನಡೆಯುತ್ತದೆ, ಅದು ತಪ್ಪೇನೂ ಅಲ್ಲ. ಎಷ್ಟು ಜನರನ್ನು ತುಂಬಿದ್ದಾರೆ ಎಂಬುದು ಜಾಹೀರಾತಿನಲ್ಲಿ ಕಾಣದು, ರಾತ್ರಿ ಒಂಬತ್ತಕ್ಕೆ ಕಾಣುತ್ತದೆ. ಅದೇ ಕಂಪನಿಯ ಸಂಪರ್ಕವಿರುವ ಅಕ್ಕಪಕ್ಕದವರ ಮನೆಯಲ್ಲಿ ಆ ಹೊತ್ತಿಗೆ ಒಂದು ಸ್ಪೀಡ್ ಟೆಸ್ಟ್ ಮಾಡಿಸಿ, ಕೆಟ್ಟರೆ ಎಷ್ಟು ದಿನಕ್ಕೆ ಬರುತ್ತಾರೆ ಎಂದು ಕೇಳಿ. ಇಳಿಸುವ ವೇಗದ ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಅಡಗಿರುವ ಅಪ್‌ಲೋಡ್ ವೇಗವನ್ನೂ, ಡೇಟಾ ಮಿತಿ ಮೀರಿದ ಮೇಲೆ ವೇಗ ಎಷ್ಟಕ್ಕೆ ಇಳಿಯುತ್ತದೆ ಎಂಬುದನ್ನೂ ಓದಿ. ಅನುಭವ ನೋಡದೆ ವರ್ಷಗಟ್ಟಲೆ ಒಪ್ಪಂದಕ್ಕೆ ಕಟ್ಟುಬೀಳಬೇಡಿ. ಅಗತ್ಯವಾದರೂ ಎಷ್ಟು? ಸ್ಪಷ್ಟವಾದ ವಿಡಿಯೊ ಕರೆಗೆ ಸುಮಾರು 4 ಎಂಬಿಪಿಎಸ್, 4ಕೆ ಸಿನಿಮಾಕ್ಕೆ 15ರಿಂದ 25. ನಾಲ್ಕು ಜನರ ಮನೆಗೆ 100 ಧಾರಾಳ. ನಾನು ಮುಂದಿನ ತಿಂಗಳೇ ಸದ್ದಿಲ್ಲದೆ ಹಳೆಯ ಪ್ಲಾನಿಗೆ ಮರಳಿದೆ.

ಕಳೆದ ವಾರ ಕರೆಯ ನಡುವೆ ಮತ್ತೆ ದನಿ ಒಡೆಯಿತು. ಅಂಕಿ ನೋಡಿದರೆ ಮೈನಸ್ 64 ಇದ್ದದ್ದು 71ಕ್ಕೆ ಜಾರಿತ್ತು. ನಡುಮನೆಗೆ ಹೋದೆ. ಕಪ್ಪು ಪೆಟ್ಟಿಗೆ ಕಣ್ಣಿಗೆ ಚೆನ್ನಾಗಿ ಕಾಣುವುದಿಲ್ಲವೆಂದು ಯಾರೋ ಅದರ ಮುಂದೆ ದೊಡ್ಡ ಹಿತ್ತಾಳೆಯ ಹೂದಾನಿ ಇಟ್ಟು, ಕಂಠದವರೆಗೆ ನೀರು ತುಂಬಿಸಿದ್ದರು.